ಅರ್ಧ ದಿನದ ಮ್ಯಾನೇಜರು

ನನ್ನ ಗಂಡ ಚಂದ್ರಶೇಖರಯ್ಯ ಹಗಲು ತುಮಕೂರಿನ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು, ಸಂಜೆ ಸರ್ವಮಂಗಳಮ್ಮನವರ ಬಸ್ ಕಂಪನಿಗೆ ಮ್ಯಾನೇಜರು. ಕಂಪನಿಯೆಂದರೆ ಕುಣಿಗಲ್ಲಿಗೆ ಓಡಾಡುವ ಎರಡು ಬಸ್ಸು, ಸ್ಟ್ಯಾಂಡಿನ ಪಕ್ಕ ಒಂದು ಕೋಣೆ, ಅಷ್ಟೇ. ತಮ್ಮ ಗಂಡ ತೀರಿಕೊಂಡ ಮೇಲೆ ಆಯಮ್ಮ ಹಠ ಹಿಡಿದು ನಡೆಸಿಕೊಂಡು ಬಂದದ್ದು.

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಗುಬ್ಬಿ ದಾರಿಗೆ ಮೂರನೇ ಬಸ್ಸು ಬರುವುದು ಖಾತ್ರಿಯಾಯಿತು. ಸರ್ವಮಂಗಳಮ್ಮ ನಮ್ಮ ಮನೆಗೇ ಬಂದರು.

"ಮೇಷ್ಟ್ರೇ, ಇನ್ಮೇಲೆ ಸಂಜೆ ಮ್ಯಾನೇಜರ್ ಸಾಲಲ್ಲ. ಸ್ಕೂಲ್ ಬಿಟ್ಟು ಪೂರ್ತಿ ಬಂದ್ಬಿಡಿ. ಆಗಲ್ಲಾಂದ್ರೆ ಬೇರೆಯವ್ರನ್ನ ನೋಡ್ಕೋತೀನಿ."

ಇವರಿಗೆ ಬಸ್ಸಿನ ಕೆಲಸವೆಂದರೆ ಪ್ರಾಣ. ಮುಖ ಅರಳಿಬಿಟ್ಟಿತು. ನಾನು ಮಾತ್ರ ಹೆದರಿದೆ. ನಮ್ಮಪ್ಪ ದುಡಿಯುತ್ತಿದ್ದ ಗಿರಣಿಗೆ ಬೀಗ ಬಿದ್ದಾಗ ನಾವು ಪಟ್ಟ ಪಾಡು ನನಗೆ ಗೊತ್ತು. ಪೆನ್ಷನ್ ಇರುವ ಕೆಲಸವನ್ನು ಯಾರಾದರೂ ಬಿಡುತ್ತಾರೆಯೇ?

"ಸ್ಕೂಲ್ ಬಿಟ್ರೆ ನಾನು ತವರಿಗೆ ಹೊರಟೆ, ನೋಡಿ," ಎಂದೆ.

ಇವರು ಎದ್ದು ಹೋಗಿ ಮಕ್ಕಳ ಲೆಕ್ಕದ ಪುಸ್ತಕ ತಿದ್ದಲು ಕೂತರು. ರೇಗಿದ್ದರೆ ವಾಸಿಯಿತ್ತು. ಅವರ ಇಳಿದ ಮುಖ ನೋಡಿ ಸಂಕಟವಾಯಿತು, ಆದರೂ ನಾನು ಜಗ್ಗಲಿಲ್ಲ.

ಆ ವಾರವೇ ತಂಗಿಯ ಮಗುವಿನ ನಾಮಕರಣಕ್ಕೆಂದು ಬೆಳಗಿನ ಕುಣಿಗಲ್ ಬಸ್ಸು ಹತ್ತಿದೆ. ದಾರಿಯಲ್ಲಿ ಒಂದು ಕಿರುಸೇತುವೆ ಇದೆ, ಒಂದು ಸಲಕ್ಕೆ ಒಂದೇ ಬಸ್ಸು ದಾಟಬಹುದು. ಆ ಕಡೆಯಿಂದ ನಮ್ಮದೇ ಇನ್ನೊಂದು ಬಸ್ಸು ಬಂದು ನಿಂತಿತು. ಈ ಕಡೆ ನಮ್ಮದೂ ನಿಂತಿತು. ಎರಡೂ ಅಲ್ಲಾಡಲಿಲ್ಲ. ನಮ್ಮ ಡ್ರೈವರ್ ಗುರುಸಿದ್ದಯ್ಯ ಕೈ ಮುಗಿದು "ಬನ್ನಿ ಬನ್ನಿ" ಅನ್ನುತ್ತಾನೆ, ಆ ಕಡೆಯ ಸಿದ್ದಗಂಗಯ್ಯ "ನೀವು ಬನ್ನಿ" ಅನ್ನುತ್ತಾನೆ.

"ಏನಯ್ಯಾ ಇದು?" ಎಂದೆ.

"ಅವ್ರು ನಮ್ ಬೀಗರು ಕಣಮ್ಮ. ಹೆಣ್ಣು ಕೊಟ್ಟೋನು ನಾನು, ಗಂಡಿನ ಕಡೆಯೋರ್ಗಿಂತ ಮುಂದಾಗಿ ಹೋಗಕ್ಕಾಯ್ತದಾ?"

ಅಷ್ಟರಲ್ಲಿ ಸಿದ್ದಗಂಗಯ್ಯ ಇಳಿದು ಬಂದ. "ವಯಸ್ಸಲ್ಲಿ ದೊಡ್ಡೋರು ಅವ್ರು. ನಾನ್ ಹೆಂಗಮ್ಮ ಮೊದ್ಲು ನುಗ್ಗಾದು?" ಇಬ್ಬರೂ ಎಲೆ ಅಡಿಕೆ ಬಿಚ್ಚಿದರು!

ಇವರ ಮಕ್ಕಳ ಮದುವೆಯಾದಾಗಿನಿಂದ ದಿನಾ ಬೆಳಗ್ಗೆ ಇದೇ ಪೂಜೆಯಂತೆ. ಕೋರ್ಟಿಗೆ ಹೋಗುವವರು, ಆಸ್ಪತ್ರೆಗೆ ಹೋಗುವವರು ಶಾಪ ಹಾಕುತ್ತ ಕೂತಿದ್ದರು. ಸಂಜೆ ನಮ್ಮ ಯಜಮಾನರು ತಡವೇಕೆಂದು ಕೇಳಿದರೆ "ರೋಡ್ ಸರಿಯಿಲ್ಲ ಸಾರ್" ಎಂಬ ಉತ್ತರ. ಬೆಳಗ್ಗೆ ಪಾಠ ಮಾಡುವ ಮನುಷ್ಯನಿಗೆ ಸೇತುವೆಯ ಸಂಗತಿ ಹೇಗೆ ಗೊತ್ತಾಗಬೇಕು?

ನನಗೆ ರೇಗಿತು. ಸೆರಗು ಸಿಕ್ಕಿಸಿಕೊಂಡು ಇಳಿದೆ.

"ಗುರುಸಿದ್ದಯ್ಯ, ತುಮಕೂರಿಗೆ ಬರೋ ಬಸ್ಸು ನಮ್ಮನೆಗೆ ಬರೋ ನೆಂಟರ ಹಾಗೆ. ನೆಂಟರನ್ನ ಬಾಗಿಲಲ್ಲಿ ನಿಲ್ಸಿ ಎಲೆ ಅಡಿಕೆ ಹಾಕ್ಕೋತೀರೇನು?"

"ಅಯ್ಯೋ, ಬುಡ್ತು ಅನ್ನಿ ತಾಯಿ!"

"ಹಾಗಾದ್ರೆ ದಿನಾ ಅವ್ರೇ ಮೊದ್ಲು ದಾಟಬೇಕು. ಸಿದ್ದಗಂಗಯ್ಯ, ದೊಡ್ಡೋರು ಕರೀತಿದಾರೆ, ಹತ್ತು!"

ಸಿದ್ದಗಂಗಯ್ಯ ಓಡಿದ. ಬಸ್ಸು ದಾಟಿತು. ಜನ ಕಿಟಕಿಯಿಂದ ಕೈ ಬೀಸಿದರು. ನಿಜ ಹೇಳುತ್ತೇನೆ, ನನಗೆ ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.

ವಾಪಸು ಬಂದವಳೇ ನೆಟ್ಟಗೆ ಸರ್ವಮಂಗಳಮ್ಮನ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. "ನಿಮಗೆ ಬೆಳಗ್ಗೆಯಿಂದ ಇರೋ ಮ್ಯಾನೇಜರೇ ಬೇಕು, ಒಪ್ತೀನಿ. ಆದ್ರೆ ಇವರನ್ನ ಸ್ಕೂಲ್ ಬಿಡಕ್ಕೆ ಮಾತ್ರ ಬಿಡಲ್ಲ."

ಆಯಮ್ಮ ನನ್ನನ್ನೇ ನೋಡಿದರು. "ಮೇಷ್ಟ್ರನ್ನ ಬಿಡು. ಗಂಗಾಂಬಿಕೆ, ನೀನೇ ಬಾ. ಅವರು ಈಗಿನ ಹಾಗೇ ಸಂಜೆ ಬರ್ಲಿ."

"ನಾನಾ? ಹೆಂಗಸು ಬಸ್ ಸ್ಟ್ಯಾಂಡಲ್ಲಿ ಕೂತ್ರೆ ಜನ ಏನಂತಾರೆ?"

"ನನಗೆ ಏನೇನೋ ಅಂದ್ರು. ಈಗ ಅವರೇ ಸೀಟ್ ಹಿಡ್ಸಮ್ಮ ಅಂತ ಬರ್ತಾರೆ."

ಮನೆಗೆ ಬಂದು ಅಳುಕುತ್ತಲೇ ಹೇಳಿದೆ. ಇವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಅಂದ್ರೆ ಸಂಜೆ ನಾನು ನಿನ್ನ ಕೈಕೆಳಗೆ?"

"ಹೂಂ. ಲೇಟಾಗಿ ಬಂದ್ರೆ ಸುಮ್ನಿರಲ್ಲ."

ಅಷ್ಟು ದಿನದ ಮೇಲೆ ಜೋರಾಗಿ ನಕ್ಕರು. ನನಗೆ ಅಳು ಬಂತು.

ಗುಬ್ಬಿ ಬಸ್ಸಿಗೆ ಪೂಜೆಯಾಗುವ ದಿನ ಸ್ನಾನ ಮುಗಿಸಿ ಬಂದರೆ ಅಡುಗೆಮನೆ ತುಂಬ ಹೊಗೆ. ಇವರು ಪಂಚೆ ಎತ್ತಿ ಕಟ್ಟಿ ಒಲೆ ಊದುತ್ತಿದ್ದರು.

"ಉಪ್ಪಿಟ್ಟು ತಳ ಹಿಡೀತು ಕಣೇ. ಸ್ವಲ್ಪ ಸಹಿಸ್ಕೋ, ಇಲ್ಲೂ ನಾನು ಅರ್ಧ ದಿನದ ಮ್ಯಾನೇಜರೇ."

ಸೀದ ಉಪ್ಪಿಟ್ಟನ್ನೇ ಗಬಗಬ ತಿಂದು ಸ್ಟ್ಯಾಂಡಿಗೆ ಓಡಿದೆ.