ನಂಜಪ್ಪನ ಹೆಸರಿನ ಕೆಲಸ

ಅನುಸೂಯಮ್ಮ ಇದ್ದ ಟೀಚರ್ ಕೆಲಸ ಬಿಟ್ಟು ಮತ್ತೆ ಓದಲು ಹೋಗಿದ್ದಕ್ಕೆ ಕಾರಣ ನಂಜಪ್ಪ. ಈ ಮಾತನ್ನು ಅವಳು ಮನೆಯಲ್ಲೂ ಹೇಳಿರಲಿಲ್ಲ.

ದಾಸರಹಳ್ಳಿಯ ಹತ್ತಿರ ಬುದ್ಧಿಮಾಂದ್ಯ ಮಕ್ಕಳಿಗೆಂದು ಒಂದು ಸಣ್ಣ ಶಾಲೆಯಿತ್ತು. ನಂಜಪ್ಪ ಅಲ್ಲಿ ಅವಳ ಕೈಯಲ್ಲಿ ಕಲಿತ ಹುಡುಗ. ಮಾಕಳಿಯಿಂದ ಅವರಪ್ಪ ವೆಂಕಟೇಶಪ್ಪ ದಿನಾ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದು ಬಿಡುತ್ತಿದ್ದರು. ಅಂಗಿಯ ಗುಂಡಿ ಹಾಕಿಕೊಳ್ಳುವುದು, ಬಸ್ಸಿನ ನಂಬರು ಗುರುತು ಹಿಡಿಯುವುದು, ಸಣ್ಣ ಮಣಿ ದೊಡ್ಡ ಮಣಿ ಬೇರೆ ಬೇರೆ ಬಟ್ಟಲಿಗೆ ಹಾಕುವುದು, ಇಷ್ಟು ಕಲಿಯಲು ಅವನಿಗೆ ವರ್ಷಗಳೇ ಹಿಡಿದವು. ಕಲಿತದ್ದನ್ನು ಮಾತ್ರ ತಪ್ಪದೆ ಮಾಡುತ್ತಿದ್ದ. ಹದಿನೆಂಟು ತುಂಬಿದ ಮೇಲೆ ಶಾಲೆಯಲ್ಲಿ ಇಟ್ಟುಕೊಳ್ಳುವ ಹಾಗಿರಲಿಲ್ಲ. ಮನೆಗೆ ಕಳಿಸಿದರು. ಅದೇ ವರ್ಷ ವೆಂಕಟೇಶಪ್ಪನವರೂ ತೀರಿಕೊಂಡರು.

ಆಮೇಲೆ ಒಂದು ಮದುವೆಗೆಂದು ಮಾಕಳಿಗೆ ಹೋಗಿದ್ದ ಅನುಸೂಯಮ್ಮ ದಾರಿಯಲ್ಲಿ ಅವರ ಮನೆ ಮುಂದೆ ನಿಂತಳು. ನಂಜಪ್ಪ ಜಗಲಿ ಮೇಲೆ ಕೂತಿದ್ದ. ಅಂಗಿಯ ಗುಂಡಿಗಳೆಲ್ಲ ಬಿಚ್ಚಿಕೊಂಡಿದ್ದವು, ಮೈ ಊದಿಕೊಂಡಿತ್ತು. ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ದಡಬಡಿಸಿ ಎದ್ದು ನಿಂತ.

"ಟೀಚರ್, ಬೆಲ್ ಆಯ್ತಾ?"

ಅಷ್ಟು ವರ್ಷ ತಾನು ಕಲಿಸಿದ್ದು ಈ ಜಗಲಿ ಮೇಲೆ ಕೂರುವುದಕ್ಕಾ ಅನ್ನುವ ಪ್ರಶ್ನೆ ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಅವಳನ್ನು ಬಿಡಲಿಲ್ಲ.

ಮುಂಬಯಿಯಲ್ಲಿ ವಿಶೇಷ ಶಿಕ್ಷಣದ ಮೇಲೆ ಎರಡು ವರ್ಷದ ಸ್ನಾತಕೋತ್ತರ ಓದು ಇದೆಯೆಂದು ಶಾಲೆಗೆ ಬಂದಿದ್ದ ಡಾಕ್ಟರೊಬ್ಬರು ಹೇಳಿದ್ದರು. ಅರ್ಜಿ ಹಾಕಿದಳು, ಸೀಟು ಸಿಕ್ಕಿತು. ಅವಳ ತಂದೆ ಹನುಮಂತಯ್ಯ ಮಾದನಾಯಕನಹಳ್ಳಿಯ ಪೋಸ್ಟ್‌ಮ್ಯಾನ್. ಮದುವೆಯ ಮಾತು ಎತ್ತಿ ಎತ್ತಿ ಸಾಕಾಗಿ ಬಿಟ್ಟಿದ್ದ ಮನುಷ್ಯ.

"ಓದ್ಕೊಂಡ್ ಬಂದು ಹೆಡ್‌ಮಿಸ್ಟ್ರೆಸ್ ಆಗ್ತೀಯೇನಮ್ಮ?" ಅಂತ ಕೇಳಿದರು.

"ಇಲ್ಲಪ್ಪ. ನಾನಿನ್ನು ಶಾಲೇಲಿ ಇರಲ್ಲ."

"ಪಾಠ ಹೇಳೋರ ಓದು ಓದಿ ಪಾಠ ಹೇಳಲ್ಲ ಅಂದ್ರೆ ಹೆಂಗೆ?"

ಅದು ಹೇಗೆ ಅಂತ ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಮುಂಬಯಿಗೆ ಹೋದ ಮೇಲೆ ತಿಳಿಯಿತು. ಜೊತೆಗೆ ಓದುತ್ತಿದ್ದವರಲ್ಲಿ ಒಬ್ಬಳು ಆಸ್ಪತ್ರೆಯಲ್ಲಿ ಎಳೆಗೂಸುಗಳನ್ನು ಪರೀಕ್ಷಿಸುವ ವಿಭಾಗಕ್ಕೆ ಹೋಗುವವಳು, ಇನ್ನೊಬ್ಬಳಿಗೆ ತಂದೆ ತಾಯಿಗಳಿಗೆ ಸಲಹೆ ಕೊಡುವ ಕೇಂದ್ರ ತೆರೆಯುವ ಆಸೆ. ಅನುಸೂಯಮ್ಮ ದೊಡ್ಡವರಾದವರ ದುಡಿಮೆಯ ವಿಷಯ ಆರಿಸಿಕೊಂಡಳು. ಒಂದು ಕೆಲಸವನ್ನು ತುಂಡು ತುಂಡು ಮಾಡಿ ಯಾವ ತುಂಡು ಯಾರ ಕೈಗೆ ಒಗ್ಗುತ್ತದೆಂದು ನೋಡುವುದು, ಕಾರ್ಖಾನೆಯವರ ಹತ್ತಿರ ಮಾತಾಡುವುದು, ವರದಿ ಬರೆಯುವುದು, ಇವೆಲ್ಲ ಆ ಓದಿನಲ್ಲಿ ಇದ್ದವು. ಅವಳ ಪ್ರೊಫೆಸರಮ್ಮ ಬಿಳಿ ಕೂದಲಿನ ಪಾರ್ಸಿ ಹೆಂಗಸು. "ಮಗುವಿಗೆ ಕಲಿಸೋಕೆ ಜನ ಸಿಗ್ತಾರೆ. ಆ ಮಗು ಮೀಸೆ ಬಂದು ನಿಂತಾಗ ಅವನ ಪರವಾಗಿ ಮಾತಾಡೋಕೆ ಯಾರೂ ಇರಲ್ಲ. ನೀವು ಅದನ್ನ ಮಾಡಿ" ಎಂದು ಹೇಳುತ್ತಿದ್ದರು. ಅನುಸೂಯಮ್ಮ ಆ ಮಾತನ್ನು ಎದೆಯಲ್ಲಿಟ್ಟುಕೊಂಡು ಬೆಂಗಳೂರಿಗೆ ವಾಪಸಾದಳು.

ಆಗ ಎಂಬತ್ತಾರನೇ ಇಸವಿ. ಪೀಣ್ಯದಲ್ಲಿ ಒಂದು ಸೇವಾ ಸಂಸ್ಥೆ ಇಂಥವರಿಗೆ ಕೆಲಸ ಕಲಿಸಿ ಕಾರ್ಖಾನೆಗಳಿಗೆ ಸೇರಿಸುವ ಕೇಂದ್ರ ಶುರುಮಾಡಿತ್ತು. ಅಲ್ಲಿ ಸೇರಿಕೊಂಡಳು. ಡಾಕ್ಟರೂ ಅಲ್ಲ, ಟೀಚರೂ ಅಲ್ಲ, ಮತ್ತೇನವ್ವಾ ನಿನ್ ಕೆಲ್ಸ ಎಂದು ಊರಿನ ಹೆಂಗಸರು ಕೇಳಿದರೆ ನಗುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ನಂಜಪ್ಪನ ಅಣ್ಣ ಬೈರಪ್ಪ ಅವಳ ಆಫೀಸಿಗೆ ಬಂದ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು. ಹಿಂದೆಯೇ ಅವನ ಮಗ ದಾಸಪ್ಪ, ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ಮನೆಯಲ್ಲಿದ್ದವನು.

ವಿಷಯ ಇದು. ತುಮಕೂರು ರಸ್ತೆಯ ಪಕ್ಕ ಇದ್ದ ಅವರ ಹೊಲವನ್ನು ಒಂದು ಕಾರ್ಖಾನೆಗೆ ತೆಗೆದುಕೊಂಡಿದ್ದರು. ವೆಂಕಟೇಶಪ್ಪ ಸಾಯುವ ಮುಂಚೆಯೇ ಇಬ್ಬರು ಮಕ್ಕಳ ಹೆಸರಿಗೂ ಖಾತೆ ಮಾಡಿಸಿದ್ದರು. ಭೂಮಿ ಕಳಕೊಂಡ ಒಬ್ಬೊಬ್ಬ ಖಾತೆದಾರನಿಗೂ ಒಂದು ಕೆಲಸ ಕೊಡುವುದಾಗಿ ಕಾರ್ಖಾನೆ ಒಪ್ಪಿಕೊಂಡಿತ್ತು. ಬೈರಪ್ಪ ತನ್ನ ಹೆಸರಿನ ಕೆಲಸಕ್ಕೆ ಆಗಲೇ ರಾತ್ರಿ ಪಾಳಿಯಲ್ಲಿ ಸೇರಿದ್ದ. ನಂಜಪ್ಪನ ಹೆಸರಿನದು ಉಳಿದಿತ್ತು. ಖಾತೆದಾರ ದುಡಿಯಲಾರದವನಾದರೆ ಮನೆಯ ಇನ್ನೊಬ್ಬರಿಗೆ ಕೊಡಬಹುದು, ಆದರೆ ಅದಕ್ಕೆ ಈ ಕೇಂದ್ರದ ವರದಿ ಬೇಕು ಅಂದಿದ್ದರು.

"ಸುಳ್ಳು ಬರ್ಕೊಡಿ ಅಂತ ನಾನ್ ಕೇಳ್ತಿಲ್ಲ ಮೇಡಂ" ಅಂದ ಬೈರಪ್ಪ. "ಅವ್ನ್ ಕೈಲಿ ಆಗಕಿಲ್ಲ. ನಿಮಗೇ ಗೊತ್ತೈತೆ. ಅದನ್ನೇ ಬರೀರಿ. ನನ್ ಮಗ ಸೇರ್ಕೊಂಡ್ರೆ ಅವನ ಚಿಕ್ಕಪ್ಪನ್ನ ಸಾಯೋಗಂಟ ನೋಡ್ಕೊತಾನೆ."

"ನೋಡದೆ ಏನೂ ಬರೆಯೋಕಾಗಲ್ಲ ಬೈರಪ್ಪನವರೇ. ನಂಜಪ್ಪನ್ನ ಸ್ವಲ್ಪ ದಿನ ಇಲ್ಲಿಗೆ ಕಳಿಸಿ."

ತಾಯಿ ಈಶ್ವರಮ್ಮ ಕರೆದುಕೊಂಡು ಬಂದರು. ಮೊದಲ ವಾರ ಅವನು ಮೂಲೆಯಲ್ಲಿ ಸುಮ್ಮನೆ ಕೂತಿದ್ದ. ಎರಡನೇ ವಾರ ಅವಳು ಅವನ ಮುಂದೆ ನಟ್ಟು ಬೋಲ್ಟುಗಳ ತಟ್ಟೆ ಇಟ್ಟಳು. ಅವನ ಕೈ ತಾನಾಗಿಯೇ ಸಣ್ಣದು ಒಂದು ಕಡೆ ದೊಡ್ಡದು ಒಂದು ಕಡೆ ಮಾಡತೊಡಗಿತು. ಆಮೇಲೆ ಎಣಿಸಿ ಪೊಟ್ಟಣ ಕಟ್ಟುವುದನ್ನು ಹಿಡಿದುಕೊಂಡ. ನಿಧಾನ, ಆದರೆ ತಪ್ಪಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕರೆದರೂ ಏಳಲಿಲ್ಲ. "ಇದ್ ಮುಗೀಲಿ" ಅಂದ.

ವರದಿ ಬರೆದಳು. ಪ್ಯಾಕಿಂಗ್ ವಿಭಾಗದಲ್ಲಿ, ಯಂತ್ರಗಳಿಂದ ದೂರ, ಒಬ್ಬ ಮೇಲ್ವಿಚಾರಕನ ಕಣ್ಣಳತೆಯಲ್ಲಿ ಇವನು ಕೆಲಸ ಮಾಡಬಲ್ಲ. ಒಂದೇ ಸಲಕ್ಕೆ ಬರೆದು ಮುಗಿಸಿ ಸಹಿ ಹಾಕಿದಳು.

ವಿಷಯ ಗೊತ್ತಾದ ದಿನ ಬೈರಪ್ಪ ಕೇಂದ್ರದ ಗೇಟಿನ ಹತ್ತಿರವೇ ಅವಳನ್ನು ತಡೆದ. ಕೂಗಾಡಲಿಲ್ಲ.

"ನೀವು ಓದಿರೋರು, ನಿಮಗೆ ಕಂಡಿದ್ದು ಬರ್ದ್ರಿ. ನಮ್ಮವ್ವ ಕಣ್ ಮುಚ್ಚಿದ್ಮೇಲೆ ಅವ್ನಿಗೆ ಅನ್ನ ಇಕ್ಕೋರು ಯಾರು? ನೀವು ಇಕ್ತೀರಾ? ಅವ್ನು ದುಡಿದಿದ್ದನ್ನ ಯಾರೋ ಕಿತ್ಕೊಂಡ್ರೆ ನೀವು ಕೇಳ್ತೀರಾ? ನಾಳೆ ಇನ್ನೊಂದು ಕಾರ್ಖಾನೆ, ಇನ್ನೊಬ್ಬ ನಂಜಪ್ಪ, ನೀವು ಆ ಕಡೀಕೆ ಓಯ್ತೀರಿ. ನಾನು ಎಲ್ಲಿಗೋಗ್ಲಿ?"

"ಅವನ ಹೆಸರಿನ ಕೆಲಸ ಅವನದು" ಅಂದಳು. ಅಷ್ಟೇ ಗೊತ್ತಿದ್ದದ್ದು.

ನಂಜಪ್ಪ ಕೆಲಸಕ್ಕೆ ಸೇರಿದ. ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕ ಶ್ಯಾಮಣ್ಣ ಒಳ್ಳೆಯ ಮನುಷ್ಯ. ಹುಡುಗರು ಗೇಲಿ ಮಾಡಿದರೆ ಗದರುತ್ತಿದ್ದ. ಅನುಸೂಯಮ್ಮ ಆಗಾಗ ಹೋಗಿ ನೋಡಿ ಬರುತ್ತಿದ್ದಳು. ನೀಲಿ ಸಮವಸ್ತ್ರದಲ್ಲಿ ಗುಂಡಿಯೆಲ್ಲ ಹಾಕಿಕೊಂಡು ನಂಜಪ್ಪ ಕೂತಿರುತ್ತಿದ್ದ. ಅವಳನ್ನು ಕಂಡರೆ ಎದೆಯ ಮೇಲಿನ ಬ್ಯಾಡ್ಜು ಎತ್ತಿ ತೋರಿಸುತ್ತಿದ್ದ. ಸಂಸ್ಥೆಯವರು ಈ ಸಂಗತಿಯನ್ನು ಎಲ್ಲ ಸಭೆಗಳಲ್ಲೂ ಹೇಳತೊಡಗಿದರು.

ಮನೆಯೊಳಗೆ ಏನಾಗುತ್ತಿದೆಯೆಂದು ಯಾರೂ ಕೇಳಲಿಲ್ಲ. ಅವಳೂ ಕೇಳಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಈಶ್ವರಮ್ಮ ಒಂದು ಟ್ರಂಕು, ಒಂದು ಗಂಟು ಹಿಡಿದುಕೊಂಡು ಕೇಂದ್ರದ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಸಮವಸ್ತ್ರದ ನಂಜಪ್ಪ. ದಾಸಪ್ಪ ಮೂರು ಹೊತ್ತೂ ಚಿಕ್ಕಪ್ಪನನ್ನು ಕಂಡರೆ ಉರಿದುಬೀಳುತ್ತಿದ್ದನಂತೆ. ನನ್ನ ಅನ್ನ ತಿಂದವನು ಇವನು ಅಂತ ತಟ್ಟೆ ಕಿತ್ತೆಸೆದನಂತೆ. ಬೈರಪ್ಪ ಮಗನನ್ನು ಹೊಡೆದ. ಆಮೇಲೆ ತಮ್ಮನ ಮುಖವನ್ನೂ ನೋಡದೆ, ಇವ್ನು ಈ ಮನೇಲಿ ಇದ್ರೆ ಒಂದಲ್ಲ ಒಂದ್ ದಿನ ಹೆಣ ಬೀಳ್ತದೆ ಅಂದುಬಿಟ್ಟ.

"ನಲವತ್ತು ವರ್ಸ ಬಾಳಿದ ಮನೆ ಕಣವ್ವ" ಅಂದರು ಈಶ್ವರಮ್ಮ. ಅಳುತ್ತಿರಲಿಲ್ಲ. "ನೀನು ಇವನ ಕೈ ನೋಡ್ದೆ, ಕಣ್ಣು ನೋಡ್ದೆ, ಎಲ್ಲ ಬರ್ಕೊಂಡೆ. ನಮ್ಮನೆಗೆ ಒಂದ್ ದಪ ಬಂದು ಕೂತ್ಕಂಡಿದ್ರೆ ಮನೆ ಸಂಗ್ತಿ ನಾನೇ ಹೇಳ್ತಿದ್ದೆ."

"ಹೇಳಿದ್ರೆ ನಾನು ಬರೆಯೋದು ಬದಲಾಗ್ತಿತ್ತಾ ಅಮ್ಮ?"

"ನಂಗೇನ್ ಗೊತ್ತು. ಓದಿರೋಳು ನೀನು."

ಆ ದಿನವೇ ಅನುಸೂಯಮ್ಮ ಪೀಣ್ಯದ ಹತ್ತಿರ ಒಂದು ವಠಾರದಲ್ಲಿ ಒಂದು ಕೋಣೆ ಹುಡುಕಿದಳು. ಅದರ ಒಡತಿ ಅಂಜನಮ್ಮ ಮೊದಲು ನಂಜಪ್ಪನನ್ನು ನೋಡಿ ಹಿಂದೇಟು ಹಾಕಿದರು, ಮುದುಕಿಯ ಮುಖ ನೋಡಿ ಒಪ್ಪಿಕೊಂಡರು. ತಾಯಿ ಮಗ ಅಲ್ಲಿ ಇರತೊಡಗಿದರು. ನಂಜಪ್ಪ ಅಲ್ಲಿಂದ ಬಸ್ಸಿನಲ್ಲಿ ಕಾರ್ಖಾನೆಗೆ ಹೋಗುತ್ತಿದ್ದ. ಸಂಜೆ ಬಂದವನು ಬಾಗಿಲಲ್ಲಿ ನಿಂತು, "ಅವ್ವ, ಮನೆಗೆ ಯಾವಾಗ ಓಗೋದು?" ಎಂದು ಕೇಳುತ್ತಿದ್ದ. ಈಶ್ವರಮ್ಮ, "ಓಗಾನ ಬಾ, ಮೊದ್ಲು ಉಣ್ಣು" ಅನ್ನುತ್ತಿದ್ದರು. ಅನುಸೂಯಮ್ಮನಿಗೆ ಈ ಮಾತು ಕೇಳಿ ಕೇಳಿ ಅಲ್ಲಿಗೆ ಹೋಗಲು ಕಾಲೇ ಬರುತ್ತಿರಲಿಲ್ಲ. ಆದರೂ ಹೋಗುತ್ತಿದ್ದಳು.

ಅವಳು ಬೈರಪ್ಪನ ಹತ್ತಿರ ಮಾತಾಡಲು ಮಾಕಳಿಗೂ ಹೋದಳು. ಅವನ ಹೆಂಡತಿ ನೀರು ತಂದುಕೊಟ್ಟು ಒಳಗೆ ಹೋದಳು, ಬೈರಪ್ಪ ಹೊರಗೆ ಬರಲಿಲ್ಲ.

ಬೇಸಿಗೆಯಲ್ಲಿ ಈಶ್ವರಮ್ಮನಿಗೆ ಪಾರ್ಶ್ವವಾಯು ಬಡಿಯಿತು. ಭಾನುವಾರ, ನಂಜಪ್ಪನಿಗೆ ರಜ. ನೀರು ತರಲು ಎದ್ದ ತಾಯಿ ಕೊಡದ ಪಕ್ಕದಲ್ಲೇ ಕುಸಿದುಬಿದ್ದರು. ಅಂಜನಮ್ಮ ಓಡಿ ಬಂದು ಆಟೋ ಕರೆಸುವಷ್ಟರಲ್ಲಿ ನಂಜಪ್ಪ ಕಾಣೆಯಾಗಿದ್ದ. ಅಂಜನಮ್ಮನ ಮನೆಯಿಂದ ಯಾರೋ ಬಂದು ಹೇಳಿದ ಮೇಲೆ ಅನುಸೂಯಮ್ಮ ಆಸ್ಪತ್ರೆಗೆ ಓಡಿದಳು. ಈಶ್ವರಮ್ಮನ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ನಂಜಪ್ಪ ಎಲ್ಲಿ ಎಂದು ಯಾರಿಗೂ ಗೊತ್ತಿರಲಿಲ್ಲ. ಲಾರಿಗಳು ಓಡಾಡುವ ರಸ್ತೆ.

ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯ ಬಾಗಿಲಲ್ಲಿ ಬೈರಪ್ಪ ಕಾಣಿಸಿದ. ಅವನ ಕೈ ಹಿಡಿದುಕೊಂಡು ನಂಜಪ್ಪ. ತಾಯಿ ಬಿದ್ದ ತಕ್ಷಣ ಅವನು ಬಸ್ಸು ಹತ್ತಿ ಮಾಕಳಿಗೆ ಹೋಗಿದ್ದ. ಅನುಸೂಯಮ್ಮನ ಹತ್ತಿರ ಬಂದಿರಲಿಲ್ಲ, ಅಣ್ಣನ ಹತ್ತಿರ ಹೋಗಿದ್ದ. ಜಗಲಿ ಮುಂದೆ ನಿಂತು, "ಅಣ್ಣ, ಅವ್ವ ಬಿತ್ತು" ಅಂದನಂತೆ. ದಾರಿಯುದ್ದಕ್ಕೂ ಅಷ್ಟನ್ನೇ ಹೇಳಿಕೊಂಡು ಬಂದನಂತೆ.

ಬೈರಪ್ಪ ಆ ವಾರವೆಲ್ಲ ಆಸ್ಪತ್ರೆಯಲ್ಲೇ ಇದ್ದ. ಅನುಸೂಯಮ್ಮನ ಜೊತೆ ಒಂದು ಮಾತೂ ಆಡಲಿಲ್ಲ. ತಾಯಿಯನ್ನು ಆಸ್ಪತ್ರೆಯಿಂದ ಬಿಟ್ಟ ದಿನ ಅವರನ್ನು ಮಾಕಳಿಗೆ ಸೇರಿಸಿ ವಠಾರದ ಕೋಣೆಗೆ ಬಂದು ಟ್ರಂಕು ಎತ್ತಿಕೊಂಡ. "ನಡಿಯೋ" ಅಂದ ತಮ್ಮನಿಗೆ.

ನಂಜಪ್ಪ ಏಳಲಿಲ್ಲ. "ನಾಳೆ ಡ್ಯೂಟಿ ಐತೆ."

"ಡ್ಯೂಟಿಗೆ ಮನೆಯಿಂದ್ಲೇ ಓಗೀಯಂತೆ, ಏಳು."

"ದಾಸ ಬೈತಾನೆ."

ಬೈರಪ್ಪ ಟ್ರಂಕು ಕೆಳಗಿಟ್ಟ. ತಾನು ಅಂಥ ಮಾತಿಗೆ ತಯಾರಾಗಿ ಬಂದಿರಲಿಲ್ಲ ಅನ್ನುವುದು ಅವನ ಮುಖದಲ್ಲಿ ಕಾಣುತ್ತಿತ್ತು. ಬೈಯುವುದಿಲ್ಲ ಅಂತ ಹೇಳಲಿಲ್ಲ. ಕೊನೆಗೆ ತಾಯಿಯ ಬಟ್ಟೆಗಳನ್ನು ಮಾತ್ರ ಒಂದು ಗಂಟು ಕಟ್ಟಿಕೊಂಡು ಹೊರಟುಹೋದ.

ನಂಜಪ್ಪ ಕೋಣೆಯಲ್ಲಿ ಒಬ್ಬನೇ ಉಳಿದ. ಅವನೊಬ್ಬನನ್ನೇ ಬಿಡುವುದು ಸರಿಯೇ ಅಂತ ಅನುಸೂಯಮ್ಮನಿಗೆ ಗೊತ್ತಿರಲಿಲ್ಲ. ಸಂಸ್ಥೆಯಲ್ಲಿ ಕೇಳಿದರೆ, ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂದರು. ಅಂಜನಮ್ಮ ಎರಡು ಹೊತ್ತು ಊಟ ಕೊಡಲು ಒಪ್ಪಿದರು. ಅನುಸೂಯಮ್ಮ ದಿನಾ ಸಂಜೆ ಆಫೀಸು ಮುಗಿಸಿ ಅಲ್ಲಿಗೆ ಹೋಗಿ, ಸೀಮೆಎಣ್ಣೆ ಸ್ಟವ್ ಅನ್ನು ಅವನಿಗೆ ಸಿಗದ ಹಾಗೆ ಎತ್ತಿಟ್ಟು, ಬಾಗಿಲು ಹಾಕಿಕೊಳ್ಳುವುದನ್ನು ಕಲಿಸಿದಳು. ಮತ್ತೆ ಟೀಚರಾಗಿದ್ದಳು. ಈ ಸಲ ಶಾಲೆಯೂ ಇರಲಿಲ್ಲ, ಬೆನ್ನಿಗೆ ನಿಲ್ಲುವವರೂ ಇರಲಿಲ್ಲ. ಅವಳ ಟೇಬಲ್ಲಿನ ಮೇಲೆ ಇನ್ನೂ ಎಷ್ಟೋ ಜನರ ವರದಿ ಬಾಕಿಯಿತ್ತು. ಒಂದನ್ನೂ ಮೊದಲಿನ ಹಾಗೆ ಬರೆಯಲು ಆಗುತ್ತಿರಲಿಲ್ಲ. ಮೊದಲು ಮನೆಗಳಿಗೆ ಹೋಗತೊಡಗಿದಳು. ಅಡುಗೆಮನೆ ಬಾಗಿಲಲ್ಲಿ ಕೂತು ಹೆಂಗಸರ ಮಾತು ಕೇಳುತ್ತಿದ್ದಳು. ಕೇಳಿದಷ್ಟೂ ಬರೆಯುವುದು ಕಷ್ಟವಾಗುತ್ತಿತ್ತು. ಸಂಸ್ಥೆಯ ಕಾರ್ಯದರ್ಶಿ ತಡವಾಗುತ್ತಿದೆಯೆಂದು ಎರಡು ಸಲ ಎಚ್ಚರಿಸಿದರು.

ಭಾನುವಾರಗಳಲ್ಲಿ ನಂಜಪ್ಪನನ್ನು ಕರೆದುಕೊಂಡು ಮಾಕಳಿಗೆ ಹೋಗುತ್ತಿದ್ದಳು. ಅವನು ಒಳಗೆ ಬಂದರೆ ದಾಸಪ್ಪ ಎದ್ದು ಹೊರಗೆ ಹೋಗುತ್ತಿದ್ದ. ಈಶ್ವರಮ್ಮನ ಮಾತು ಮುದ್ದೆಯಾಗಿತ್ತು, ಆದರೂ ತಿಳಿಯುತ್ತಿತ್ತು. ಒಂದು ಭಾನುವಾರ ಅವಳ ಸೆರಗು ಹಿಡಿದು ಕೇಳಿದರು:

"ನಾನ್ ಕಣ್ ಮುಚ್ಚಿದ್ಮೇಲೆ ಇವನ್ಗೆ ಯಾರವ್ವ?"

ನಾನಿದ್ದೀನಿ ಅನ್ನುವ ಮಾತು ಅನುಸೂಯಮ್ಮನ ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ. "ಗೊತ್ತಿಲ್ಲ ಅಮ್ಮ" ಅಂದಳು. "ಅದು ನನಗೆ ಗೊತ್ತಿಲ್ಲ."

ಬೈರಪ್ಪ ಕಂಬಕ್ಕೆ ಒರಗಿ ನಿಂತು ಕೇಳಿಸಿಕೊಂಡ.

ಸಂಜೆ ಅವನೇ ಅವರ ಹಿಂದೆ ಬಸ್ ಸ್ಟಾಪಿನವರೆಗೂ ಬಂದ. ನಂಜಪ್ಪನ ಕೈಗೆ ಮುದ್ದೆ ಸಾರಿನ ಕ್ಯಾರಿಯರ್ ಕೊಟ್ಟ. ಬಸ್ಸು ದೂರದಲ್ಲಿ ಕಾಣಿಸಿದಾಗ ಅವಳ ಕಡೆ ನೋಡದೆಯೇ ಹೇಳಿದ:

"ಮುಂದಿನ್ ವಾರದಿಂದ ಇವ್ನೊಬ್ನೇ ಬರ್ಲಿ. ದಾರಿ ಗೊತ್ತೈತೆ ಇವ್ನಿಗೆ. ನೀವು ಬರ್ಬೇಡಿ."

ಅವಳು ತಲೆಯಾಡಿಸಿದಳು. ಬಸ್ಸಿನಲ್ಲಿ ನಂಜಪ್ಪ ಕ್ಯಾರಿಯರ್ ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದ. ಅವಳಿಗೆ ಕೆನ್ನೆಗೆ ಹೊಡೆಸಿಕೊಂಡ ಹಾಗೆ ಉರಿಯುತ್ತಿತ್ತು. ಅಳುವೂ ಬಂತು. ಬೈರಪ್ಪ ತಮ್ಮನನ್ನು ಬಾ ಅಂದಿದ್ದಾನೆ ಅನ್ನುವುದು ಪೀಣ್ಯ ಬರುವ ಹೊತ್ತಿಗಷ್ಟೇ ಅವಳ ಮನಸ್ಸಿಗೆ ಇಳಿಯಿತು.

ಮುಂದಿನ ಭಾನುವಾರ ಅವಳು ವಠಾರದ ಗೇಟಿನವರೆಗೆ ಮಾತ್ರ ಹೋದಳು. ನಂಜಪ್ಪ ಒಗೆದ ಅಂಗಿ ಹಾಕಿಕೊಂಡು ಖಾಲಿ ಕ್ಯಾರಿಯರ್ ಹಿಡಿದು, ಅವಳಿಗೆ ಬರ್ತೀನಿ ಅಂತಲೂ ಹೇಳದೆ ರಸ್ತೆಯ ಕಡೆ ನಡೆದುಹೋದ.