ಮಂಗಟ್ಟೆ ಮುಚ್ಚಿಕೊಂಡ ಬಾಗಿಲು

ದಾಂಡೇಲಿಯ ಮಾಸೂಮಾಳದು ಹೊಲಿಗೆ ಅಂಗಡಿ. ಹಕ್ಕಿ ನೋಡುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಅಣಶಿಯ ರೈತ ಜೈರಾಮ ಅಂಗಿ ಹೊಲಿಸಲು ಬಂದವನು, ತನ್ನ ಗದ್ದೆಯಂಚಿನ ಮರದ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿ ಗೂಡು ಮಾಡಿದೆ ಎಂದಿದ್ದ. ಅಂದಿನಿಂದ ಮೂರು ವರ್ಷ ಇಬ್ಬರೂ ಆ ಗೂಡಿನ ವಿವರ ಬರೆದಿಟ್ಟರು. ಭಾನುವಾರ ಅವಳೇ ಬಸ್ಸು ಹತ್ತಿ ಹೋಗುತ್ತಿದ್ದಳು. ಉಳಿದ ದಿನ ಜೈರಾಮ ಫೋನಿನಲ್ಲಿ ಹೇಳುತ್ತಿದ್ದ. ಆ ಗೂಡನ್ನು ಅವರಿಗಿಂತ ಮೊದಲು ಯಾರೂ ಹೀಗೆ ಕೂತು ನೋಡಿದ್ದಿಲ್ಲ.

ಈ ಸಲ ಫೆಬ್ರುವರಿ ಒಂದಕ್ಕೆ ಹೆಣ್ಣು ಒಳಹೊಕ್ಕು, ಕೊಕ್ಕು ತೂರುವಷ್ಟು ಸೀಳು ಬಿಟ್ಟು, ಪೊಟರೆಯ ಬಾಗಿಲನ್ನು ಹಿಕ್ಕೆ, ಹಣ್ಣಿನ ತಿರುಳಿನಿಂದ ಮೆತ್ತಿಕೊಂಡಿತು. ಗಂಡು ಅತ್ತಿಹಣ್ಣು ತಂದು ಸೀಳಿನಲ್ಲಿ ಕೊಡುತ್ತಿತ್ತು. ಏಪ್ರಿಲ್ ಇಪ್ಪತ್ತೊಂದರ ಬೆಳಿಗ್ಗೆ ಜೈರಾಮನ ಫೋನ್ ಬಂತು. ಯಾವುದೋ ಗಾಡಿ ಬಡಿದು ಗಂಡು ರಸ್ತೆಬದಿಯಲ್ಲಿ ಸತ್ತು ಬಿದ್ದಿತ್ತು. ಹಿಂದಿನ ಮಧ್ಯಾಹ್ನದಿಂದ ಗೂಡಿಗೆ ಹಣ್ಣು ಬಂದಿರಲಿಲ್ಲ.

ಮಾಸೂಮಾ ಹೋಗಿ ಮುಟ್ಟುವಷ್ಟರಲ್ಲಿ ಅವನು ಮರಕ್ಕೆ ಬಿದಿರೇಣಿ ಕಟ್ಟಿ, ಕುಡುಗೋಲು ಹಿಡಿದು ನಿಂತಿದ್ದ. ಮರಿಯ ಕೂಗು ಕೆಳಗೂ ಕೇಳುತ್ತಿತ್ತು.

"ಒಡದ್ ಬಿಡೂಣ್ರಿ ಅಕ್ಕಾ. ತಾಯಿ, ಮರಿ ಎರಡೂ ಉಪಾಸ ಸಾಯ್ತಾವ."

ಮಾಸೂಮಾ ನೋಟ್‌ಬುಕ್ ತಿರುವಿದಳು. ಒಳಗೆ ಕೂತ ಹೆಣ್ಣು ರೆಕ್ಕೆಯ ಗರಿ ಉದುರಿಸಿ ಹೊಸದು ಬೆಳೆಸಿಕೊಳ್ಳುತ್ತದೆ. ಮರದಡಿ ಕೊನೆಯ ಗರಿ ಸಿಕ್ಕಿ ಐದು ವಾರವಾಗಿತ್ತು.

"ಹೊಸಾ ಗರಿ ಪೂರಾ ಬಂದಾವೋ ಇಲ್ಲೋ ನನಗ ಗೊತ್ತಿಲ್ಲ," ಎಂದಳು. "ನಾವು ಒಡದ್ರ ಹಾರಾಕ ಬರದ ನೆಲಕ್ಕ ಬಿದ್ದೀತು. ಗರಿ ಬಂದಿದ್ರ ತಾನ ಒಡಕೊಂಡು ಹೊರಗ ಬರ್ತೇತಿ. ನಾಳೆ ಮಧ್ಯಾಹ್ನದ ತನಕ ತಡೀರಿ. ಆಮ್ಯಾಲ ನಾನ ಏಣಿ ಹಿಡೀತೇನಿ."

ಜೈರಾಮನಿಗೆ ಅದು ಸರಿ ಕಾಣಲಿಲ್ಲ, ಆದರೂ ಕುಡುಗೋಲು ಕೆಳಗಿಟ್ಟ. ಅಂದು ಅವನ ಹೆಂಡತಿ ಮೀರಾಬಾಯಿ ಬಡಿಸಿದ್ದನ್ನು ಉಂಡು ಮಾಸೂಮಾ ಅವರ ಮನೆಯಲ್ಲೇ ಉಳಿದಳು. ತನ್ನ ಲೆಕ್ಕ ತಪ್ಪಿದ್ದರೆ ಎರಡು ಜೀವ ಹೋಗುತ್ತವೆ ಎಂಬುದು ಅವಳಿಗೂ ಗೊತ್ತಿತ್ತು.

ಮರುದಿನ ಒಂಬತ್ತೂವರೆಗೆ ಒಳಗಿಂದ ಕುಟ್ಟುವ ಸದ್ದಾಯಿತು. ಮಣ್ಣಿನಂಥ ಚೂರುಗಳು ಉದುರಿದವು. ಹೆಣ್ಣು ಮೈ ಹಿಂಡಿಕೊಂಡು ಹೊರಬಂದು, ಕೊಂಬೆಯ ಮೇಲೆ ಬಹಳ ಹೊತ್ತು ಕೂತು, ಭಾರವಾಗಿ ಹಾರಿ ಕಾಡಿನೊಳಗೆ ಹೋಯಿತು. ಮರಿಯನ್ನು ಬಿಟ್ಟೇ ಹೋಯಿತಲ್ಲ ಎಂದ ಜೈರಾಮ. ಮಾಸೂಮಾ ಹೊತ್ತು ಬರೆದುಕೊಂಡು ಮರದಡಿಯೇ ಕೂತಳು.

ನಾಲ್ಕು ಗಂಟೆಗೆ ಅದು ಹಣ್ಣು ಹೊತ್ತು ಬಂತು. ಅಷ್ಟರಲ್ಲಿ ಮರಿ ಒಡೆದ ಬಾಗಿಲನ್ನು ಒಳಗಿಂದ ತಾನೇ ಮೆತ್ತತೊಡಗಿತ್ತು. ತಾಯಿ ಉಳಿದ ಸಂದಿಯಲ್ಲಿ ಕೊಕ್ಕು ತೂರಿಸಿ ಉಣಿಸಿತು. ಜೈರಾಮ ಏಣಿ ಬಿಚ್ಚಿದ.

ಮೇ ಕೊನೆಗೆ ಮರಿ ಹಾರಿತು. ಜೈರಾಮ ಮನೆಯವರೊಂದಿಗೆ ಎರಡು ದಿನ ರಾಮನಗರದ ಮದುವೆಗೆ ಹೋಗಿದ್ದ, ಮಾಸೂಮಾ ಅಂಗಡಿಯಲ್ಲಿದ್ದಳು; ಅವನು ಮರಳಿದಾಗ ಗೂಡು ಖಾಲಿಯಾಗಿತ್ತು. ಕಂಡವರಿಲ್ಲದ ಕಾರಣ ಅವಳು ದಿನಾಂಕದ ಜಾಗದಲ್ಲಿ "ಇಪ್ಪತ್ನಾಲ್ಕರಿಂದ ಇಪ್ಪತ್ತಾರರೊಳಗೆ" ಎಂದು ಬರೆದಳು.