ಪೊಲಿಕ್ಸೇನಿ ತೊಳೆದ ಮೂಳೆ

"ಅಮ್ಮಾ, ಇದು ನಿಮ್ಮ ಮಗನದಲ್ಲ," ಎಂದಳು ಉತ್ಖನನಕ್ಕೆಂದು ಪಟ್ಟಣದಿಂದ ಬಂದಿದ್ದ ದನಾಯಿ.

ಅವಳ ಕೈಯಲ್ಲಿದ್ದ ತಲೆಬುರುಡೆಯನ್ನು ಪೊಲಿಕ್ಸೇನಿ ನಾಲ್ಕು ದಿನದ ಹಿಂದೆ ಇಡೀ ಊರಿನೆದುರು ಮಡಿಲಲ್ಲಿಟ್ಟುಕೊಂಡು ಅತ್ತಿದ್ದಳು. ಕೆಂಪು ವೈನಿನಲ್ಲಿ ತೊಳೆದು ಹಣೆಗೆ ಮುತ್ತಿಟ್ಟಿದ್ದಳು.

"ಏನಂದೆ?"

"ಇದು ವಯಸ್ಸಾದ ಹೆಂಗಸಿನ ತಲೆ. ಹಲ್ಲು ನೋಡಿ, ಪೂರ್ತಿ ಸವೆದಿವೆ. ನಿಮ್ಮ ಲಾಂಬ್ರೋಸ್‌ಗೆ ಎಷ್ಟಾಗಿತ್ತು?"

"ಇಪ್ಪತ್ಮೂರು."

"ದವಡೆ ಒಳಗಿನ ಈ ಹಸಿರು ಕಲೆ ಕಂಚಿನ ನಾಣ್ಯದ್ದು. ಆಗೆಲ್ಲ ಸತ್ತವರ ಬಾಯಲ್ಲಿ ಒಂದು ನಾಣ್ಯ ಇಡ್ತಿದ್ರು. ಎರಡು ಸಾವಿರದ ಮುನ್ನೂರು ವರ್ಷದ ಹಿಂದಿನ ಮಾತು."

ಪೊಲಿಕ್ಸೇನಿ ಮೂಳೆಮನೆಯ ಮೆಟ್ಟಿಲ ಮೇಲೆ ಕುಳಿತಳು. ಯಾವ ಕಾಲದ್ದೋ ಯಾವಳೋ ಮುದುಕಿಗೆ "ನನ್ನ ಕಂದಾ, ನನ್ನ ಮದುಮಗನೇ" ಎಂದು ಹಾಡಿ ಹಾಡಿ ಅತ್ತಿದ್ದೆನಲ್ಲಾ ಎಂದು ತುಟಿ ಒರೆಸಿಕೊಂಡಳು. ಅದಕ್ಕಿಂತ ದೊಡ್ಡ ಭಯ ಅದರ ಹಿಂದೆಯೇ ಬಂತು.

ಆ ಊರಿನಲ್ಲಿ ಹೂತವರನ್ನು ಐದು ವರ್ಷಕ್ಕೆ ಹೊರತೆಗೆದು, ಮೂಳೆಯನ್ನು ವೈನಿನಲ್ಲಿ ತೊಳೆದು, ಹೆಸರು ಬರೆದ ಪೆಟ್ಟಿಗೆಯಲ್ಲಿ ಹಾಕಿ ಮೂಳೆಮನೆಯಲ್ಲಿಡುತ್ತಾರೆ. ಮೂಳೆ ಜೇನುಮೇಣದ ಬಣ್ಣಕ್ಕೆ ತಿರುಗಿದ್ದರೆ ಸತ್ತವನು ಪಾರಾದ. ಕಪ್ಪಾಗಿದ್ದರೆ, ಕೂದಲು ಮಾಂಸ ಕರಗದೆ ಉಳಿದಿದ್ದರೆ, ಅವನಿಗೆ ಶಾಪ ತಟ್ಟಿದೆ. ಲಾಂಬ್ರೋಸ್‌ಗೆ ಶಾಪ ಹಾಕಿದವನು ಬೇರೆ ಯಾರೂ ಅಲ್ಲ, ಹೆತ್ತ ತಂದೆ. ಹೇಳದೆ ಕೇಳದೆ ಹೇಸರಗತ್ತೆಗಳನ್ನು ಮಾರಿ ಮೋಟಾರ್‌ಸೈಕಲ್ ತಂದ ಮಗನಿಗೆ, "ಮಣ್ಣು ಕೂಡ ನಿನ್ನನ್ನ ಕರಗಿಸದೆ ಇರಲಿ!" ಎಂದು ಬಾಗಿಲಲ್ಲಿ ನಿಂತು ಕೂಗಿದ್ದ. ತಿಂಗಳೊಳಗೆ ಹುಡುಗ ಆಕ್ರೋಟು ಮರಕ್ಕೆ ಗುದ್ದಿ ಸತ್ತ. ಆಡಿದ ಮಾತನ್ನು ನುಂಗಲಾರದೆ ಅಪ್ಪನೂ ಅದೇ ವರ್ಷ ಹೋದ. ಉಳಿದವಳು ಪೊಲಿಕ್ಸೇನಿ, ಐದು ವರ್ಷ ಆ ಮಾತನ್ನು ಎದೆಯಲ್ಲಿಟ್ಟುಕೊಂಡು.

ಅದಕ್ಕೇ ಬುರುಡೆ ಜೇನುಮೇಣದ ಹಾಗೆ ಹೊಳೆಯುತ್ತಾ ಮೇಲೆ ಬಂದಾಗ ಅವಳು ಅದನ್ನು ಎತ್ತಿ ಎಲ್ಲರಿಗೂ ತೋರಿಸಿದ್ದಳು. ಕಪ್ಪು ಮೂಳೆ ನೋಡಲೆಂದೇ ಮುಂದಿನ ಸಾಲಿನಲ್ಲಿ ನಿಂತಿದ್ದ ಹಾಯ್ದೋ ಎಂಬ ವಾರಗಿತ್ತಿಯ ಮುಖ ಸಪ್ಪಗಾಗಿತ್ತು. ಶವಪೆಟ್ಟಿಗೆಯ ಒಂದು ಹಲಗೆಯೂ ಸಿಗಲಿಲ್ಲವಲ್ಲ ಎಂದು ಆಗ ಯಾರೂ ಕೇಳಲಿಲ್ಲ. ಮರ ಕೊಳೆಯುವುದು ಇದ್ದದ್ದೇ.

ಮಾರನೆಯ ದಿನ ಅಗೆದಿದ್ದ ಆ ಸಮಾಧಿಯ ತಳವೇ ಕುಸಿದು, ಕೆಳಗೊಂದು ಕಲ್ಲಿನ ಕೋಣೆ ಕಂಡಿತು. ಹಾಗೆ ಬಂದವಳು ಈ ದನಾಯಿ.

"ಹಾಗಾದ್ರೆ ನನ್ನ ಮಗ ಎಲ್ಲಿ?"

"ಹೂತ ಸ್ವಲ್ಪ ದಿನಕ್ಕೇ ಕೋಣೆಯ ಚಪ್ಪಡಿ ಮುರಿದು ಅವನ ಪೆಟ್ಟಿಗೆ ಕೆಳಗೆ ಇಳಿದಿದೆ, ಅಮ್ಮಾ. ಪಕ್ಕದ ಮಣ್ಣು ಜಾರಿ ಈ ಮುದುಕಿ ಅವನ ಜಾಗಕ್ಕೆ ಬಂದಿದಾಳೆ." ದನಾಯಿ ಅಡ್ಡ ನಿಂತಳು. "ನೀವು ನೋಡೋದು ಬೇಡ. ನಾವೇ ಎತ್ತಿ ಕೊಡ್ತೀವಿ."

"ಹೆತ್ತವಳು ನಾನೋ ನೀನೋ?"

ಅವಳು ಗುಂಡಿಗಿಟ್ಟ ಏಣಿ ಇಳಿದು ಆ ಕೋಣೆ ಸೇರಿದಳು. ಗೋಡೆಯ ಮೇಲೆ ಕುದುರೆಗಳು ಓಡುತ್ತಿದ್ದವು, ಬಣ್ಣ ನಿನ್ನೆ ಬಳಿದಂತಿತ್ತು. ಜಗತ್ತೇ ಬಾಯಿ ಬಿಟ್ಟುಕೊಂಡು ನೋಡಬೇಕಾದ ಆ ಗೋಡೆಗೆ ಬೆನ್ನು ಹಾಕಿ, ಮೂಲೆಯ ಕೆಸರಿನಲ್ಲಿ ಬಿದ್ದಿದ್ದ ಹಲಗೆಗಳ ಮುಂದೆ ಪೊಲಿಕ್ಸೇನಿ ಮಂಡಿಯೂರಿದಳು.

ಲಾಂಬ್ರೋಸ್ ಕಪ್ಪಾಗಿದ್ದ. ಇದ್ದಿಲಿನಷ್ಟು ಕಪ್ಪು. ಬುರುಡೆಯ ಒಂದು ಪಕ್ಕದಲ್ಲಿ ಕೂದಲು ಇನ್ನೂ ಹಾಗೇ ಅಂಟಿಕೊಂಡಿತ್ತು.

ಅವಳು ಬಾಗಿದಳು, ಅರ್ಧಕ್ಕೇ ನಿಂತಳು. ಗುರುತು ಪರಿಚಯವಿಲ್ಲದ ಮುದುಕಿಗೆ ಮುತ್ತಿಟ್ಟ ತುಟಿ ಹೆತ್ತ ಮಗನ ಹತ್ತಿರ ಹೋಗಲು ಹಿಂಜರಿಯಿತು. ಅದು ಅವಳಿಗೇ ಗೊತ್ತಾಯಿತು. ಶಾಪದ ಭಯಕ್ಕಿಂತ ಆ ನಾಚಿಕೆ ಅವಳನ್ನು ಹೆಚ್ಚು ಸುಟ್ಟಿತು.

"ಈ ಕೆಸರಿನೊಳಗೆ ಗಾಳಿ ಇಲ್ಲ, ಬರೀ ಜೇಡಿಮಣ್ಣು, ನೀರು," ಎಂದು ದನಾಯಿ ಪಿಸುಗುಟ್ಟಿದಳು. "ಇಂಥಾ ಕಡೆ ಯಾರನ್ನಿಟ್ರೂ ಹೀಗೇ ಆಗೋದು. ಶಾಪಗೀಪ ಏನೂ ಅಲ್ಲ ಅಮ್ಮಾ. ಬಟ್ಟೆ ಸುತ್ತಿ ಪೆಟ್ಟಿಗೇಲಿಟ್ಟುಬಿಡಿ. ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ."

ಪೊಲಿಕ್ಸೇನಿ ತಲೆಯ ಕರಿವಸ್ತ್ರ ಬಿಚ್ಚಿ ಮಗನ ಬುರುಡೆಯನ್ನು ಸುತ್ತಿದಳು. ಎದೆಗವಚಿಕೊಂಡು ಒಂದೇ ಕೈಯಲ್ಲಿ ಏಣಿ ಹತ್ತಿದಳು.

ಮೇಲೆ ಅರ್ಧ ಊರೇ ನೆರೆದಿತ್ತು, ಪಾದ್ರಿಗಳೂ ಇದ್ದರು. ಬೇರೆ ದಿನ ಸ್ಮಶಾನದ ಕಳೆ ಕೀಳಲು ಕರೆದರೆ ಇವರಲ್ಲಿ ಒಬ್ಬರಿಗೂ ಬಿಡುವಿರುವುದಿಲ್ಲ.

"ಸಿಕ್ಕಿದ್ನಾ ಅಕ್ಕಾ?" ಹಾಯ್ದೋ ಕತ್ತು ಚಾಚಿದಳು. "ಹೇಗಿದಾನೆ? ಬಟ್ಟೆ ಯಾಕೆ ಸುತ್ತಿದೀಯ?"

ಪೊಲಿಕ್ಸೇನಿ ಅವಳನ್ನು ನೋಡಿದಳು, ಪಾದ್ರಿಗಳನ್ನು ನೋಡಿದಳು. ಆಮೇಲೆ ಎಲ್ಲರೆದುರು ವಸ್ತ್ರ ತೆಗೆದಳು.

ಹೆಂಗಸರು ಹೌಹಾರಿ ಹಿಂದೆ ಸರಿದರು. ಪಾದ್ರಿಗಳ ಕೈ ತಾನಾಗಿ ಶಿಲುಬೆಯ ಗುರುತು ಹಾಕಿತು. ಹಾಯ್ದೋ "ಅಯ್ಯೋ ದೇವ್ರೇ, ಕರಗಿಲ್ಲ!" ಎಂದು ಚೀರಿದಳು.

"ಹೂಂ, ಕರಗಿಲ್ಲ," ಎಂದಳು ಪೊಲಿಕ್ಸೇನಿ. "ಅವರಪ್ಪ ಬೈದಿದ್ದು ಒಂದೇ ಸಲ. ನಾನು ಐದು ವರ್ಷದಿಂದ ದಿನಾ ಹರಸ್ತಾ ಇದೀನಿ. ಕರಗದೆ ಇದ್ರೆ ಇನ್ನೈದು ವರ್ಷ ಹರಸ್ತೀನಿ. ವೈನ್ ಎಲ್ಲಿ? ಯಾರಾದ್ರೂ ತರ್ತೀರೋ, ನಾನೇ ಹೋಗ್ಲೋ?"

ಯಾರೂ ಕದಲಲಿಲ್ಲ. ಅವಳು ಬಾಗಿ ಆ ಕಪ್ಪು ಹಣೆಗೆ ಒತ್ತಿ ಮುತ್ತಿಟ್ಟಳು. ಮೇಲೆದ್ದಾಗ ಅವಳ ತುಟಿಯ ಮೇಲೆ ಮಗನ ಕೂದಲೊಂದು ಅಂಟಿಕೊಂಡಿತ್ತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ.